‘ಬಾರೋ’ ಅನ್ನುತ್ತಿದ್ದ ಅಜ್ಜಿ ‘ಬಾರೇ’ ಅಂದಾಗ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನನ್ನ ಮಗಳ ಸೀಮಂತ ಇತ್ತು. ನಮ್ಮ ಓರಗಿತ್ತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಕೂತಿದ್ದ ಹೆಣ್ಣುಮಕ್ಕಳಿಗೆಲ್ಲ ಕೊಡುತ್ತಾ ಬಂದರು. ನಮ್ಮ ಅಕ್ಕನ ಮಗಳ ಹತ್ತಿರ ಬಂದಾಗ ತಟ್ಟೆ ಅವಳನ್ನು ದಾಟಿ ಪಕ್ಕದವರ ಕಡೆ ಹೋಯಿತು. ಹುಟ್ಟಿದಾಗ ಅವಳನ್ನು ಗಂಡು ಅಂತ ಬರೆಸಿದ್ದೆವು, ಈಗ ನಾಲ್ಕೈದು ವರ್ಷದಿಂದ ಹೆಣ್ಣಾಗಿಯೇ ಬದುಕುತ್ತಿದ್ದಾಳೆ. ಮುಂದೆ ಚಾಚಿದ್ದ ಕೈಯನ್ನು ಮೆಲ್ಲಗೆ ಸೆರಗಿನ ಒಳಗೆ ಎಳೆದುಕೊಂಡಳು. ನಮ್ಮಮ್ಮ ಅದನ್ನು ನೋಡಿದರು. ಎಂಬತ್ತೆರಡು ವರ್ಷ, ಮಂಡಿನೋವು ಬೇರೆ, ಆದರೂ ಎದ್ದು ಬಂದು ತಟ್ಟೆ ಇಸಿದುಕೊಂಡು “ಬಾರೇ ಇಲ್ಲಿ” ಅಂತ ಕರೆದು ಅವಳ ಹಣೆಗೆ ಕುಂಕುಮ ಇಟ್ಟರು. ಅಲ್ಲಿವರೆಗೂ ಅಮ್ಮನ ಬಾಯಲ್ಲಿ ‘ಬಾರೋ’ ಅಂತಲೇ ಬರುತ್ತಿತ್ತು.

2021ರ ನವೆಂಬರ್‌ನಲ್ಲಿ, ನಮ್ಮ ಹುಡುಗಿಯ ಹಾಗೇ ಹೆಣ್ಣಾಗಿ ಬದುಕುವ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರು ಪದ್ಮಶ್ರೀ ತಗೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ವಿಡಿಯೋ ನೆನಪಿದೆಯಲ್ವಾ? ನಮ್ಮ ಮನೆ ಗ್ರೂಪಿನಲ್ಲಿ ಎಲ್ಲರೂ ಹಂಚಿಕೊಂಡು ಕೈಮುಗಿದಿದ್ದೆವು. ಅದೇ ವರ್ಷ ಈ ಹುಡುಗಿ ಮನೆ ಬಿಟ್ಟು ಹೋದಾಗ ಒಬ್ಬರೂ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಆ ತಪ್ಪು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಇವರ ಹಕ್ಕುಗಳ ರಕ್ಷಣೆಗೆ ಅಂತ ಬಂದ 2019ರ ಕಾಯ್ದೆಯ ಪ್ರಕಾರ ಲಿಂಗತ್ವ ಅಲ್ಪಸಂಖ್ಯಾತರು (ಟ್ರಾನ್ಸ್‌ಜೆಂಡರ್) ಅನ್ನೋ ಕಾರಣಕ್ಕೆ ಯಾವ ಮಗುವನ್ನೂ, ಕೋರ್ಟ್ ಆದೇಶ ಇಲ್ಲದೆ, ಅಪ್ಪ ಅಮ್ಮನಿಂದ ಬೇರೆ ಮಾಡುವಂತಿಲ್ಲ, ಮನೆಯಲ್ಲಿ ಇರುವ ಹಕ್ಕೂ ಅವರಿಗಿದೆ. ಆದರೆ ನಮ್ಮ ಹುಡುಗಿಯನ್ನು ಯಾರೂ ಕತ್ತು ಹಿಡಿದು ಆಚೆ ದಬ್ಬಲಿಲ್ಲ. ಸುಮ್ನೆ ಮಾತು ಬಿಟ್ಟೆವು, ಬಂದವರ ಮುಂದೆ ಒಳಗೆ ಕೂರಿಸಿದೆವು, ಯಾರೋ ಹೇಳಿದರು ಅಂತ ದೇವರ ಹತ್ತಿರ ‘ಬಿಡಿಸೋಕೆ’ ಕರೆದುಕೊಂಡು ಹೋದೆವು. ಬಿಡಿಸೋಕೆ ಇದೇನು ದೆವ್ವವಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ.

ತಂದೆ ತಾಯಿಯೇ ಲಿಂಗತ್ವ ಅಲ್ಪಸಂಖ್ಯಾತರಾಗಿರುವ ಮನೆಗಳೂ ಇವೆ. ಕೇರಳದ ಕಲ್ಲಿಕೋಟೆಯಲ್ಲಿ 2023ರ ಫೆಬ್ರುವರಿಯಲ್ಲಿ ಜಹಾದ್ ಮತ್ತು ಜಿಯಾ ಅವರಿಗೆ ಮಗು ಹುಟ್ಟಿತು. ಮಗುವನ್ನು ಹೊತ್ತು ಹೆತ್ತಿದ್ದು ಜಹಾದ್, ಅವರು ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡು ಈಗ ಗಂಡಾಗಿ ಬದುಕುವವರು. ಜನನ ಪತ್ರದಲ್ಲಿ ತಂದೆ, ತಾಯಿ ಅನ್ನೋದರ ಬದಲು ‘ಪೋಷಕರು’ ಅಂತ ಬರೆಸಿಕೊಳ್ಳಲು ಅವರು ಹೈಕೋರ್ಟ್‌ವರೆಗೆ ಹೋಗಬೇಕಾಯಿತು, 2025ರ ಜೂನ್‌ನಲ್ಲಿ ಅವರ ಪರವಾಗಿ ಆದೇಶ ಬಂತು. ಇಂಥ ಮಗುವಿಗೆ ಶಾಲೆಯ ಅರ್ಜಿ, ಆಧಾರ್ ಅಂತ ಹೊರಗಿನ ಕಷ್ಟವೇ ಜಾಸ್ತಿ. ಬಂಧುಗಳಾದ ನಾವೂ ಕೂರಿಸಿಕೊಂಡು “ನಿಂಗೆ ಅಮ್ಮ ಯಾರು, ಅಪ್ಪ ಯಾರು” ಅಂತ ಕೆದಕಿದರೆ ಅದು ಎಲ್ಲಿಗೆ ಹೋಗಬೇಕು? ಮಗು ಯಾರನ್ನು ಏನಂತ ಕರೆಯುತ್ತದೋ ನಾವೂ ಹಾಗೇ ಕರೆದರಾಯಿತು.

ದಯವಿಟ್ಟು ನಿಮ್ಮ ಮನೆಯಲ್ಲೂ ಅವರು ಇಟ್ಟುಕೊಂಡ ಹೆಸರಿನಿಂದಲೇ ಕರೆಯಿರಿ. ಬಾಯಿ ತಪ್ಪಿದರೆ ತಿದ್ದಿಕೊಳ್ಳಿ, ನಮ್ಮಮ್ಮನಿಗೂ ಈಗಲೂ ತಪ್ಪುತ್ತದೆ. ಆಪರೇಷನ್ ಆಯ್ತಾ ಅಂತ ಕೇಳಬೇಡಿ, ಊಟ ಆಯ್ತಾ ಅಂತ ಕೇಳಿ.

ಇನ್ನೆರಡು ತಿಂಗಳಿಗೆ ನನ್ನ ಮಗಳ ಹೆರಿಗೆ. ನಾಮಕರಣದ ಕಾರ್ಡಿನಲ್ಲಿ ಅಕ್ಕನ ಮಗಳ ಹೆಸರನ್ನೂ ಹಾಕಿಸುತ್ತೇವೆ, ಮಗುವಿನ ದೊಡ್ಡಮ್ಮ ಅಂತಲೇ.

– ಒಬ್ಬ ಚಿಕ್ಕಮ್ಮ, ದಾವಣಗೆರೆ