ಅತ್ತೂರಿನ ಮೌನಕ್ಕೆ ನಮ್ಮ ವಂದನೆ

ಅಮ್ಮನ ಹನ್ನೊಂದು ತಿಂಗಳ ಚಿಕಿತ್ಸೆ ಕಳೆದ ವಾರ ಮುಗಿಯಿತು. ಇನ್ನು ಆರು ತಿಂಗಳಿಗೊಮ್ಮೆ ತಪಾಸಣೆಗೆ ಬಂದರೆ ಸಾಕೆಂದು ವೈದ್ಯರು ತಿಳಿಸಿದ್ದಾರೆ. ಅವರಿಗೂ ದಾದಿಯರಿಗೂ ರಕ್ತ ಕೊಟ್ಟವರಿಗೂ ಖುದ್ದಾಗಿ ಕೈಮುಗಿದು ಬಂದೆವು. ಉಳಿದಿರುವುದು ಕಾರ್ಕಳದ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರದ ಋಣ.

ಅತ್ತೂರು ಎಂದೊಡನೆ ನಮ್ಮ ಕಡೆಯವರ ಕಣ್ಣಮುಂದೆ ಬರುವುದು ಜನವರಿಯ ವಾರ್ಷಿಕ ಹಬ್ಬವಾದ ಸಾಂತ್‌ಮಾರಿ, ಕಾಲಿಡಲು ಜಾಗವಿಲ್ಲದ ಜನಸಂದಣಿ, ಜಾತಿಮತ ನೋಡದೆ ಮೇಣದಬತ್ತಿ ಹಿಡಿದು ನಿಂತವರ ಸಾಲು. ಬಾಲ್ಯದಿಂದ ನಾನು ಬಲ್ಲದ್ದೂ ಆ ಅತ್ತೂರನ್ನೇ. ಮಣಿಪಾಲದ ಆಸ್ಪತ್ರೆಯಿಂದ ಹಿಂದಿರುಗುತ್ತಿದ್ದ ಒಂದು ಬುಧವಾರದ ಮಧ್ಯಾಹ್ನ, ಮನೆಗೆ ಹೋಗಿ ಎಲ್ಲರಿಗೂ ಏನು ಹೇಳಲಿ ಎಂದು ತೋಚದೆ ಅಲ್ಲಿ ಇಳಿದಾಗ ಕಂಡದ್ದು ಬೇರೆಯೇ ಊರು. ಖಾಲಿ ಬೆಂಚುಗಳು, ತಣ್ಣನೆಯ ನೆಲ, ಜಪಸರ ಎಣಿಸುತ್ತಿದ್ದ ಒಬ್ಬ ಅಜ್ಜಿ, ಹೊರಗೆ ಕೆರೆಯ ಕಡೆಯಿಂದ ಹಕ್ಕಿಗಳ ಸದ್ದು. ಅರ್ಧ ಗಂಟೆಯೆಂದುಕೊಂಡು ಕುಳಿತವಳು ಸಂಜೆಯವರೆಗೂ ಏಳಲಿಲ್ಲ.

ಟಿಪ್ಪುವಿನ ಸೆರೆಯಿಂದ 1799ರ ಬಳಿಕ ಮರಳಿದ ಕ್ರೈಸ್ತರು, ಕೆಡವಲಾಗಿದ್ದ ತಮ್ಮ ದೇವಾಲಯಕ್ಕೆ ಹೊಸ ನೆಲೆ ಹುಡುಕುತ್ತ ಸಂತರ ಮರದ ಪ್ರತಿಮೆಯನ್ನು ಇಲ್ಲಿನ ನೀರಿನ ಒರತೆಯ ಬಳಿ ಇಳಿಸಿದರೆಂದೂ, ಮತ್ತೆ ಎತ್ತಹೋದರೆ ಅದು ಮೇಲೇಳಲಿಲ್ಲವೆಂದೂ ಹಿರಿಯರು ಹೇಳುತ್ತಾರೆ. ಆ ಕಥೆಯನ್ನು ಮೊದಲೆಲ್ಲ ನಕ್ಕು ಕೇಳುತ್ತಿದ್ದೆ. ಆ ಸಂಜೆ ನಗು ಬರಲಿಲ್ಲ.

ಅಲ್ಲಿಂದಾಚೆ ಪ್ರತಿ ಬಾರಿಯೂ ದಾರಿ ಬಳಸಿಯಾದರೂ ಅಲ್ಲಿಗೆ ಹೋದೆ. ಹಿಂದೂ ಮನೆಯವಳಾದ ನನಗೆ ಶಿಲುಬೆಯ ಗುರುತು ಹಾಕಲೂ ಬಾರದು. ನೀನು ಯಾರು, ಯಾಕೆ ಬಂದೆ ಎಂದು ಗುರುಗಳಾಗಲಿ ಬೇರೆಯವರಾಗಲಿ ಒಮ್ಮೆಯೂ ವಿಚಾರಿಸಲಿಲ್ಲ. ಆ ಕೇಳದಿರುವಿಕೆಗೆ ನಾನು ಎಲ್ಲಕ್ಕಿಂತ ಹೆಚ್ಚು ಕೃತಜ್ಞಳು. ಮೈಯೆಲ್ಲ ಉರಿ ಎಂದು ನರಳುತ್ತಿದ್ದ ಅಮ್ಮನಿಗಾಗಿ ಬತ್ತಿ ಹಚ್ಚಲು, ಕಾದ ಕಬ್ಬಿಣದ ಜಾಲರಿಯ ಮೇಲೆ ಪ್ರಾಣಬಿಟ್ಟರೆಂದು ಭಕ್ತರು ನಂಬುವ ಸಂತರಿಗಿಂತ ತಕ್ಕವರು ಇನ್ನಾರು ಎಂದು ನನಗೆ ಅನ್ನಿಸಿದ್ದುಂಟು. ಮೇಣದಬತ್ತಿ ಮಾರುವ ಬಾಯಮ್ಮ ಮಾತ್ರ ಮೂರನೆಯ ಬಾರಿಗೆ, “ಅಮ್ಮ ಊಟ ಮಾಡ್ತಾರಾ?” ಎಂದು ಕೇಳಿದರು. ಕಾಯಿಲೆ ಯಾರಿಗೆಂದು ನಾನು ಹೇಳಿರಲೇ ಇಲ್ಲ.

2016ರಲ್ಲಿ ಈ ಕ್ಷೇತ್ರಕ್ಕೆ ಮೈನರ್ ಬಸಿಲಿಕಾ ಎಂಬ, ಆಯ್ದ ಚರ್ಚುಗಳಿಗಷ್ಟೇ ಪೋಪರಿಂದ ಸಿಗುವ ಪದವಿ ದೊರೆತಾಗ ಇಡೀ ಊರೇ ಸಂಭ್ರಮಿಸಿತ್ತು. ಆ ಹಿರಿಮೆಯ ನಡುವೆಯೂ ವಾರದ ದಿನಗಳ ಮೌನವನ್ನು ಕಾಪಾಡಿಕೊಂಡು ಬಂದಿರುವ ಗುರುಗಳಿಗೆ, ಕಸ ಗುಡಿಸುವವರಿಗೆ, ಬಾಯಮ್ಮನಿಗೆ ನಮ್ಮ ಮನೆಯವರೆಲ್ಲರ ವಂದನೆಗಳು. ಮೊನ್ನೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ನಾನು ಕೂರುತ್ತಿದ್ದ ಬೆಂಚಿನಲ್ಲೇ ಬಹಳ ಹೊತ್ತು ಕುಳಿತಿದ್ದ ಅವರು, ಏಳುವಾಗ ನನ್ನ ಕೈ ಹಿಡಿಯಲಿಲ್ಲ.