ಅಪ್ಪನ ಲೆಕ್ಕಕ್ಕೆ ಬರ್ಕೊಳ್ಳಿ

ಪ್ರೀತಿಯ ಗುಂಡ,

ಕೊಡೆ ಇನ್ನೂ ನನ್ನ ಹತ್ತಿರವೇ ಇದೆ. ಕೇಳಬೇಡ.

ಈ ವಿಷಯ ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಮಾಡಿದೆ. ಎರಡು ಸಲವೂ ಮಳೆ ಬಗ್ಗೆ ಮಾತಾಡಿ ಇಟ್ಟೆ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ನನಗೆ ಧೈರ್ಯ ಜಾಸ್ತಿ, ನಿನಗೆ ಗೊತ್ತಲ್ಲ. ಹುಲಿವೇಷದ ದಿನದಿಂದಲೂ ಹಾಗೇ.

ಹೋದ ತಿಂಗಳು ಬೆಂಗಳೂರಿನಿಂದ ನಮ್ಮ ಆಫೀಸಿನ ಹುಡುಗರು ಬಂದಿದ್ದರು. ದೇವರಾಜ ಮಾರ್ಕೆಟ್ ತೋರಿಸಿ ಸಾರ್ ಅಂದರು. ನನ್ನನ್ನು ಹಿಡಿಯುವವರು ಯಾರು? ಚಿಕ್ಕ ಗಡಿಯಾರ ಗೋಪುರದ ಕೆಳಗೆ ನಿಂತು ಶುರು ಮಾಡಿದೆ. ವೈಸ್‌ರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು ಇದು ಅಂದೆ. ಪಕ್ಕದ ಸಯ್ಯಾಜಿರಾವ್ ರಸ್ತೆಯ ಜಾಗದಲ್ಲಿ ಒಂದು ಕಾಲದಲ್ಲಿ ದಿವಾನ್ ಪೂರ್ಣಯ್ಯನವರು ತೋಡಿಸಿದ ಕಾಲುವೆ ಇತ್ತು ಅಂದೆ. ಕಾವೇರಿ ನೀರನ್ನು ಊರಿಗೆ ತರುವ ಆಸೆ ಅವರದು. ನೀರು ಬರಲಿಲ್ಲ. ಕಾಲುವೆ ಮುಚ್ಚಿದರು, ಪೇಟೆ ಬೆಳೆಯಿತು. ಒಬ್ಬ ಹುಡುಗ, ಅರಸು ರಸ್ತೆಯ ದೇವರಾಜರೂ ಮಾರ್ಕೆಟ್ಟಿನ ದೇವರಾಜರೂ ಒಬ್ಬರೇನಾ ಅಂತ ಕೇಳಿದ. ಅಲ್ಲಪ್ಪ, ರಸ್ತೆ ಮುಖ್ಯಮಂತ್ರಿ ಡಿ. ದೇವರಾಜ ಅರಸರದು, ಮಾರ್ಕೆಟ್ಟು ದೊಡ್ಡ ದೇವರಾಜ ಒಡೆಯರದು, ನಡುವೆ 300 ವರ್ಷ ಇದೆ ಅಂದೆ. ಹುಡುಗರು ತಲೆದೂಗಿದರು. ನನಗಂತೂ ನೆಲ ಕಾಣುತ್ತಿರಲಿಲ್ಲ.

ಒಳಗೆ ಹೋದೆವು. ಕುಂಕುಮದ ರಾಶಿಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಂಡರು. ಹೂವಿನ ಸಾಲಿನಲ್ಲಿ ನೆಲವೆಲ್ಲ ಒದ್ದೆ, ಮಲ್ಲಿಗೆ ವಾಸನೆ. ಆಮೇಲೆ ಒಬ್ಬಳು ಹುಡುಗಿ, ಪಾಪ ಏನೂ ಕೆಟ್ಟ ಮನಸ್ಸಿಲ್ಲದೆ, "ನೀವು ಯಾವ ಅಂಗಡೀಲಿ ತಗೋತೀರಾ ಸಾರ್?" ಅಂದಳು.

800ಕ್ಕೂ ಹೆಚ್ಚು ಅಂಗಡಿಗಳು ಕಣೋ. ಬಾಯಿಗೆ ಒಂದೂ ಬರಲಿಲ್ಲ. ನಮ್ಮ ಮನೆಯ ಸೊಪ್ಪು ತರಕಾರಿ ಎಲ್ಲ ಫೋನಿನಲ್ಲಿ ಬರುವುದು. ಕೊತ್ತಂಬರಿ ಸೊಪ್ಪಿಗೂ ಒಬ್ಬ ಹುಡುಗ ಗಾಡಿಯಲ್ಲಿ ಬರುತ್ತಾನೆ. ಮಾರ್ಕೆಟ್ ಕೆಡವಬೇಕೋ ರಿಪೇರಿ ಮಾಡಬೇಕೋ ಅಂತ ಕಮಿಟಿ, ಕೋರ್ಟು ಅಂತ ವರ್ಷಗಟ್ಟಲೆ ನಡೆಯಿತಲ್ಲ, ಅಷ್ಟೂ ದಿನ "ನಮ್ಮ ಪರಂಪರೆ ಉಳಿಸಿ" ಅಂತ ಬರೆದವನು ನಾನು. ಅಲ್ಲಿ ಒಂದು ನಿಂಬೆಹಣ್ಣು ತಗೊಂಡು ಎಷ್ಟು ವರ್ಷವಾಯಿತೋ.

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಪತ್ರವಾಗುತ್ತಿತ್ತು, ಅಲ್ವಾ? ನಾನು ಅಲ್ಲಿಗೆ ಹೋಗದೆ ಇರುವುದಕ್ಕೆ ಸೋಮಾರಿತನ ಕಾರಣವಲ್ಲ.

ಬಾಳೆಹಣ್ಣಿನ ಯಜಮಾನರು ನೆನಪಿದ್ದಾರಾ? ಧನ್ವಂತರಿ ರಸ್ತೆ ಕಡೆಯ ಬಾಗಿಲ ಹತ್ತಿರ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂರುತ್ತಿದ್ದರಲ್ಲ. ಅಪ್ಪನದು ಅಲ್ಲಿ ತಿಂಗಳ ಲೆಕ್ಕ. ಪಿಯುಸಿಯಲ್ಲಿ ನಾವು ಅಷ್ಟೊಂದು ಸಿನಿಮಾ ನೋಡಿದೆವಲ್ಲ, ದುಡ್ಡು ಟ್ಯೂಷನ್ ಹೇಳಿಕೊಟ್ಟು ಬಂದಿದ್ದು ಅಂತ ನಿನಗೆ ಹೇಳಿದ್ದೆ. ನಾನು ಯಾರಿಗೆ ಏನು ಹೇಳಿಕೊಡಲಿ? ಯಜಮಾನರ ಹತ್ತಿರ ಹೋಗಿ 20 ರೂಪಾಯಿ ಕೊಡಿ, ಅಪ್ಪನ ಲೆಕ್ಕಕ್ಕೆ ಬರ್ಕೊಳ್ಳಿ ಅನ್ನುತ್ತಿದ್ದೆ. ಅವರು ಒಂದು ಮಾತು ಕೇಳದೆ ಕೊಡುತ್ತಿದ್ದರು. ಹಣ್ಣು ಅಂತಲೇ ಬರೆದುಕೊಳ್ಳುತ್ತಿದ್ದರು, ನನ್ನ ಮಾನ ಉಳಿಸಲು ಇರಬೇಕು.

ಒಂದು ತಿಂಗಳು ಅಪ್ಪ ಚೀಟಿ ನೋಡಿದರು. ಇಷ್ಟು ಹಣ್ಣು ನಮ್ಮನೇಲಿ ಯಾರು ತಿಂದರು ಅಂತ ಜಗಳಕ್ಕೆ ಹೋದರು. ಸಾಲಿನ ಜನರೆಲ್ಲ ನೋಡುವ ಹಾಗೆ "ಕಳ್ಳ ಲೆಕ್ಕ ಬರೀತೀಯೇನಯ್ಯ" ಅಂದರು. ನಾನು ಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಯಜಮಾನರು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಪೆನ್ಸಿಲ್ ತೆಗೆದು ಅಷ್ಟನ್ನೂ ಹೊಡೆದು ಹಾಕಿದರು.

ಅಪ್ಪ ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ಈಗ ಅಪ್ಪ ಹೋಗಿ ಆರು ವರ್ಷ. ಕೊನೆಯವರೆಗೂ ಅವರ ಬಾಯಲ್ಲಿ ಯಜಮಾನರು "ಆ ಕಳ್ಳ"ನೇ.

2012ರಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಕುಸಿದು ನಾಲ್ಕು ಜನ ಸತ್ತಾಗ ನಾವಿಬ್ಬರೂ ಹಳೇ ಪುಸ್ತಕದ ಅಂಗಡಿಗಳನ್ನು ನೆನೆಸಿಕೊಂಡು ಅತ್ತಿದ್ದೆವು. ಅದು ನಿಜವಾದ ಅಳು. 2016ರ ಆಗಸ್ಟಿನಲ್ಲಿ ಮಾರ್ಕೆಟ್ಟಿನ ಉತ್ತರದ ಬಾಗಿಲ ಭಾಗ, ಅದೇ ಧನ್ವಂತರಿ ರಸ್ತೆ ಕಡೆಯದು, ಬಿದ್ದಾಗ ನಾನು ನೋಡಲು ಹೋಗಿದ್ದೆ. ಹಗ್ಗ ಕಟ್ಟಿದ್ದರು. ಇಟ್ಟಿಗೆ, ಗಾರೆ, ಧೂಳು. ಪಕ್ಕದಲ್ಲಿದ್ದ ಹೆಂಗಸು ಅಳುತ್ತಿದ್ದಳು. ನನಗೆ ಒಳಗೆಲ್ಲೋ ಹಗುರವಾಯಿತು ಗುಂಡ. ಸದ್ಯ, ಅಂಗಡಿ ಹೋಯಿತು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಅನ್ನಿಸಿತು. ಅವತ್ತು ರಾತ್ರಿಯೇ ಪರಂಪರೆ ಬಗ್ಗೆ ಉದ್ದಕ್ಕೆ ಬರೆದೆ. ನೀನು ಕಣ್ಣೀರಿನ ಚಿತ್ರ ಹಾಕಿದ್ದೆ.

ಹೋದ ತಿಂಗಳು ಹುಡುಗರು ಮುಂದೆ ಮುಂದೆ ಹೋಗಿ ಬಾಳೆಹಣ್ಣಿನ ಸಾಲಿಗೇ ನುಗ್ಗಿದರು. ಅಲ್ಲೊಬ್ಬ ಕೂತಿದ್ದ, ಕಿವಿಯ ಮೇಲೆ ಪೆನ್ಸಿಲ್. ಮಗ. ಯಜಮಾನರು ಹೇಗಿದ್ದಾರೆ ಅಂದೆ. "ಮನೇಲಿದ್ದಾರೆ ಸಾರ್, ಕಣ್ಣು ಅಷ್ಟು ಕಾಣಲ್ಲ. ಯಾರು ಅಂತ ಹೇಳಲಿ?"

ಸುಮ್ನೆ ಕೇಳಿದೆ ಅಂದೆ.

ಹೆಸರು ಹೇಳಲಿಕ್ಕೆ ಏನು ಕಷ್ಟವಿತ್ತು? ಅದರ ಬದಲು ನಂಜನಗೂಡು ರಸಬಾಳೆ ಇದೆಯಾ ಅಂದೆ, ದೊಡ್ಡ ಜಾಣನ ಹಾಗೆ. ಇಲ್ಲ ಅಂದ. ಸೊರಗು ರೋಗ ಬಂದು ಆ ತೋಟಗಳೇ ಹಾಳಾದ ಮೇಲೆ ಅದು ಸಿಗುವುದೇ ಅಪರೂಪ. ಹಾಗಾದರೆ ಏಲಕ್ಕಿ ಕೊಡಿ ಅಂದೆ. ಎಷ್ಟು ಅಂದ. ಒಂದು ಗೊನೆ ಅಂದೆ! ದುಡ್ಡು ಜಾಸ್ತಿ ಕೊಟ್ಟು ಚಿಲ್ಲರೆ ಇರಲಿ ಅಂದರೆ, ಅವನು ತಲೆಯೆತ್ತದೆ ಎಣಿಸಿ ಕೈಗೆ ಹಾಕಿದ.

ಸ್ಕೂಟರಿನಲ್ಲಿ ಕಾಲ ನಡುವೆ ಗೊನೆ ಇಟ್ಟುಕೊಂಡು ಸಯ್ಯಾಜಿರಾವ್ ರಸ್ತೆಯಲ್ಲಿ ಬಂದೆ. ಜಂಬೂಸವಾರಿ ಹೋಗುವ ರಸ್ತೆ ಕಣೋ ಅದು. ಆನೆ ಒಂದೇ ಕಮ್ಮಿ ಇತ್ತು.

ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಇರಲಿ, ಅರ್ಧ ತಪ್ಪು ನಿನ್ನದು. ಇಂಟರ್‌ವಲ್ಲಿನಲ್ಲಿ ಎರಡೆರಡು ಸಮೋಸ ತಿಂದವನು ನೀನು. ಬಡ್ಡಿ ಲೆಕ್ಕ ಹಾಕಿ ನಿನ್ನ ಪಾಲು ಕಳಿಸುತ್ತೇನೆ. ಇದನ್ನು ಅಮ್ಮ ಓದಿದರೆ ಊರು ಬಿಡಬೇಕು, ನಿನ್ನ ಮನೆ ಮಹಡಿ ಖಾಲಿ ಇದೆಯಾ ನೋಡು.

ಮುಂದಿನ ವಾರ ಬಂದರೆ ಮಾರ್ಕೆಟ್ಟಿಗೆ ಒಟ್ಟಿಗೆ ಹೋಗಬಹುದು. ಯಾರು ಅಂತ ಅವನು ಮತ್ತೆ ಕೇಳಿದರೆ ನೀನೇ ಹೇಳು. ಕೊಡೆ ಮಾತ್ರ ಕೊಡುವುದಿಲ್ಲ.

ನಿನ್ನ,
ಮೂರನೇ ಬೆಂಚು