ಟ್ಯಾಬ್ಲೆಟ್‌ನಲ್ಲಿ ನೆನಪಿನ ಪರೀಕ್ಷೆ: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ವೈದ್ಯ ಮಿತ್ರರಿಗೆ ನಮಸ್ಕಾರ. ಮರೆವಿನ ದೂರು ಹೊತ್ತು ಬರುವ ಹಿರಿಯರಿಗೆ ಟ್ಯಾಬ್ಲೆಟ್‌ನಲ್ಲಿ ಅರಿವಿನ ಪರೀಕ್ಷೆ ಮಾಡಿಸುವವರು ಅಂಕವೊಂದನ್ನೇ ನಂಬಿ ಡಿಮೆನ್ಷಿಯಾ (ಮರೆಗುಳಿತನದ ಕಾಯಿಲೆ) ಎಂದು ಬರೆಯಬಾರದೆಂದು ಕೋರುತ್ತೇನೆ.

ಗಡಿಯಾರದ ಚಿತ್ರ ಬಿಡಿಸುವ ಹಳೆಯ ಪರೀಕ್ಷೆಯನ್ನೇ ತೆಗೆದುಕೊಳ್ಳಿ: ಕಾಗದದ ಮೇಲೆ ಮುಗಿದ ಚಿತ್ರ ಮಾತ್ರ ಉಳಿಯುತ್ತದೆ, ಡಿಜಿಟಲ್ ಪೆನ್ನಾದರೋ ಮುಳ್ಳು ಎಳೆಯುವ ಮುನ್ನ ಕೈ ಎಷ್ಟು ಹೊತ್ತು ತಡೆಯಿತೆಂಬುದನ್ನೂ ದಾಖಲಿಸುತ್ತದೆ, ನನ್ನ ಮಟ್ಟಿಗೆ ಅದರ ನಿಜವಾದ ಲಾಭ ಇದೇ. ಆದರೆ ಆ ತಡೆ ಮಿದುಳಿನದೋ, ಪೊರೆ ಬಂದ ಕಣ್ಣಿನದೋ, ಎಂದೂ ಗಾಜಿನ ಪರದೆ ಮುಟ್ಟದ ಬೆರಳಿನದೋ ಎಂಬುದನ್ನು ರೋಗಿಯ ಎದುರು ಕುಳಿತವರೇ ಗುರುತಿಸಬೇಕು. ನೆನಪು, ಗಮನ ಮುಂತಾದವನ್ನು ಅಳೆಯುವ 30 ಅಂಕಗಳ ಮೋಕಾ ಪರೀಕ್ಷೆಯಲ್ಲಿ 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ 1 ಅಂಕ ಸೇರಿಸುವ ಪದ್ಧತಿಯಿದೆಯಾದರೂ, ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಅದು ಯಾವ ಮೂಲೆಗೂ ಸಾಲದು. ಇಂಗ್ಲಿಷಿನಿಂದ ಅವಸರದಲ್ಲಿ ಅನುವಾದಿಸಿದ ಆ್ಯಪ್‌ಗಳಿಗಿಂತ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗಾಗಿ ರೂಪಿಸಿರುವ ಪರೀಕ್ಷಾಗುಚ್ಛವನ್ನು ಮೊದಲು ನೋಡುವುದು ಒಳಿತು.

ಅಂಕ ಕಡಿಮೆ ಬಂದರೆ, ಮರೆವು ತರಬಲ್ಲ ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ರೆಮಾತ್ರೆಗಳ ಬಳಕೆ ಇವನ್ನು ಪರಿಶೀಲಿಸಿ, ಮನೆಯವರೊಡನೆ ಮಾತನಾಡಿದ ಬಳಿಕವೇ ಮುಂದುವರಿಯಿರಿ. ರೋಗಿಯ ಹೆಸರಿರುವ ವರದಿಗಳನ್ನು ದಯವಿಟ್ಟು ಈ ಗುಂಪಿಗೆ ಹಾಕಬೇಡಿ.